ಆರ್‌ಎಕ್ಸ್ 100ಕ್ಕೆ ತಗ್ಗಿನ ಹ್ಯಾಂಡಲ್: ಕೆಲಸ ಇರುವುದು ಕೇಬಲ್‌ನಲ್ಲಿ

1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ರ ಮೂಲ ಹ್ಯಾಂಡಲ್ ನೆಟ್ಟಗೆ ಕೂತು ಓಡಿಸುವವರಿಗೆ ಮಾಡಿದ್ದು. ಅದನ್ನು ತೆಗೆದು ತಗ್ಗಿನದನ್ನು ಹಾಕುವುದು ನಾಲ್ಕು ಬೋಲ್ಟಿನ ಕೆಲಸ ಎಂದೇ ಎಲ್ಲರೂ ಶುರು ಮಾಡುತ್ತಾರೆ. ಬೋಲ್ಟ್ ನಾಲ್ಕೇ, ನಿಜ. ಆದರೆ ಕ್ಲಚ್, ಮುಂದಿನ ಬ್ರೇಕ್, ಆಕ್ಸಿಲರೇಟರ್ ಈ ಮೂರೂ ಕೇಬಲ್‌ಗಳ ಉದ್ದ ಹಳೆಯ ಎತ್ತರಕ್ಕೆ ಲೆಕ್ಕ ಹಾಕಿದ್ದು. ಕೆಲಸ ಕೆಡುವುದು ಅಲ್ಲಿ.

ಕ್ಲಿಪ್-ಆನ್, ಅಂದರೆ ಎಡಕ್ಕೊಂದು ಬಲಕ್ಕೊಂದು ಬಿಡಿಯಾಗಿ ಬರುವ ಗಿಡ್ಡ ಹ್ಯಾಂಡಲ್, ಬೇಡ ಅಂದುಕೊಂಡೆ. ಅದನ್ನು ಫೋರ್ಕ್ ಪೈಪಿಗೇ ಬಿಗಿಯಬೇಕು. ಈ ಗಾಡಿಯಲ್ಲಿ ಎರಡು ಫೋರ್ಕ್ ಪೈಪುಗಳನ್ನು ಸೇರಿಸಿ ಹಿಡಿಯುವ ಮೇಲಿನ ಟೀ, ಕೆಳಗಿನ ಟೀ ನಡುವಿನ ಜಾಗವನ್ನು ಹೆಡ್‌ಲೈಟ್ ಹಿಡಿಯುವ ಕಿವಿಗಳು ತಿಂದಿವೆ. ಅವನ್ನು ಕಿತ್ತು ಬೇರೆ ಬ್ರ್ಯಾಕೆಟ್ ಮಾಡಿಸಬೇಕು, ಮೇಲಾಗಿ ಹ್ಯಾಂಡಲ್ ತಿರುಗಿಸಿದಾಗ ಮುಷ್ಟಿ ಟ್ಯಾಂಕಿಗೆ ಬಡಿಯುತ್ತದೆ. ಮೂಲ ಹ್ಯಾಂಡಲನ್ನೇ ತಲೆಕೆಳಗು ಮಾಡಿ ಹಾಕುವ ಉಪಾಯವೂ ಉಂಟು. ಖರ್ಚಿಲ್ಲ, ಆದರೆ ತುದಿಗಳ ಕೋನ ಅಡ್ಡಾದಿಡ್ಡಿಯಾಗಿ ಅರ್ಧ ಗಂಟೆಗೆ ಮಣಿಕಟ್ಟು ಕೂಗುತ್ತದೆ. ನಾನು ಆರಿಸಿದ್ದು ಹೊರವ್ಯಾಸ 22 ಮಿ.ಮೀ., ಅಗಲ ಸುಮಾರು 680 ಮಿ.ಮೀ. ಇರುವ, ತುದಿ ಸ್ವಲ್ಪ ಹಿಂದಕ್ಕೆ ಬಾಗಿದ ಸ್ಟೀಲ್ ಬಾರ್. ಗ್ರಿಪ್ ಮೊದಲಿಗಿಂತ 6 ಸೆಂ.ಮೀ. ಕೆಳಗೆ ಬಂತು. ಕೊಳ್ಳುವಾಗ ನಡುಭಾಗದಲ್ಲಿ ಒರಟು ಗೀರುಗಳು ಇವೆಯೇ ನೋಡಿ. ನುಣುಪು ಕ್ರೋಮ್ ಪೈಪನ್ನು ಕ್ಲಾಂಪ್ ಎಷ್ಟು ಬಿಗಿದರೂ ಗುಂಡಿಗೆ ಬಿದ್ದಾಗ ಅದು ಕೆಳಕ್ಕೆ ಜಾರುತ್ತದೆ.

ಬಿಚ್ಚುವ ಮೊದಲು ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ, ಕೇಬಲ್ ಮತ್ತು ವೈರ್ ಯಾವುದರ ಮುಂದೆ, ಯಾವುದರ ಹಿಂದೆ ಹೋಗಿವೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹಳೆಯ ಗ್ರಿಪ್ ಬರದಿದ್ದರೆ ತೆಳ್ಳನೆ ಸ್ಕ್ರೂಡ್ರೈವರ್ ತೂರಿಸಿ ಸೋಪಿನ ನೀರು ಬಿಟ್ಟು ತಿರುಚಿದರೆ ಬರುತ್ತದೆ. ಎಣ್ಣೆ ಹಾಕಬೇಡಿ. ಅದರ ಜಿಡ್ಡು ಉಳಿದರೆ ಹೊಸ ಗ್ರಿಪ್ ಹಿಡಿಯುವುದೇ ಇಲ್ಲ.

ಸ್ವಿಚ್ ಬಾಕ್ಸಿನ ಒಳಗೆ ಸಣ್ಣ ಗೂಟ ಇದ್ದರೆ ಅದು ಕೂರಲು ಹೊಸ ಬಾರ್‌ನಲ್ಲಿ ತೂತು ಬೇಕು. ಬಹಳ ಮಂದಿ ಗೂಟವನ್ನೇ ಅರದಿಂದ ಉಜ್ಜಿಬಿಡುತ್ತಾರೆ. ಆಮೇಲೆ ಬಾಕ್ಸ್ ನಿಧಾನವಾಗಿ ತಿರುಗಿ ಆಕ್ಸಿಲರೇಟರ್ ಕೇಬಲನ್ನು ಎಳೆಯುತ್ತದೆ. ಮೊದಲು ಬಾರ್ ಕೂರಿಸಿ, ಗಾಡಿ ಮೇಲೆ ಕೂತು, ಮುಂಗೈಯ ನೇರಕ್ಕೆ ಲಿವರ್ ಬರುವ ಕೋನ ನೋಡಿಕೊಂಡು, ಆಮೇಲೆ ತೂತಿನ ಗುರುತು ಹಾಕಿ. ಗೂಟದಷ್ಟೇ ದಪ್ಪದ ಒಂದೇ ತೂತು ಸಾಕು. ಎರಡನೇ ಸಲ ಪಕ್ಕದಲ್ಲೇ ಕೊರೆದರೆ ಪೈಪಿನ ಬಲ ಹೋಯಿತು.

ಈಗ ಕೇಬಲ್. ಬಾರ್ 6 ಸೆಂ.ಮೀ. ಇಳಿದರೆ ಕೇಬಲ್ ಹೆಚ್ಚುಕಡಿಮೆ ಅಷ್ಟೇ ಉಳಿದು, ಹೆಡ್‌ಲೈಟ್ ಮುಂದೆ ಕೊಂಡಿಯ ಹಾಗೆ ಉಬ್ಬಿ ನಿಲ್ಲುತ್ತದೆ. ದಾರಿ ಬದಲಿಸಿ ಅಗಲ ಬಳುಕಿನಲ್ಲಿ ಕೂರಿಸಲು ಆದರೆ ಹಾಗೇ ಬಿಡಿ, ಕತ್ತರಿಸಬೇಡಿ. ಕ್ಲಚ್ ಕೇಬಲ್ ನನಗೆ ಹಾಗೆಯೇ ಸರಿಹೋಯಿತು. ಆಕ್ಸಿಲರೇಟರ್ ಕೇಬಲ್ ಮಾತ್ರ ಟ್ಯಾಂಕಿನ ಅಡಿಯಲ್ಲಿ ಚೂಪಾಗಿ ಮಡಿಯುತ್ತಿತ್ತು. ಅಂಥ ಮಡಿಕೆ ಇದ್ದರೆ ಹಿಡಿ ಬಿಟ್ಟರೂ ರೇಸ್ ಇಳಿಯುವುದಿಲ್ಲ.

ಗಿಡ್ಡ ಮಾಡಿಸುವಾಗ ಒಂದೇ ಲೆಕ್ಕ: ಹೊರಗಿನ ಕವಚವನ್ನು ಎಷ್ಟು ಕತ್ತರಿಸುತ್ತೀರೋ ಒಳತಂತಿಯನ್ನೂ ಅಷ್ಟೇ ಕತ್ತರಿಸಬೇಕು. ಒಳತಂತಿಯ ಉದ್ದದಲ್ಲಿ ಕವಚದ ಉದ್ದ ಕಳೆದರೆ ಉಳಿಯುವ ಬರಿತಂತಿ ಹಳೆಯ ಕೇಬಲಿನಷ್ಟೇ ಇರಬೇಕು. ಅದು 3 ಮಿ.ಮೀ. ಕಡಿಮೆಯಾದರೂ ಹಿಡಿ ತಿರುಗಿಸಿದಾಗ ಕಾರ್ಬ್ಯುರೇಟರ್ ಒಳಗೆ ಏರಿಳಿಯುವ ಸ್ಲೈಡ್ ಪೂರ್ತಿ ಕೂರದೆ ಐಡಲ್ (ಹಿಡಿ ಬಿಟ್ಟಾಗಿನ ಎಂಜಿನ್ ವೇಗ) ಏರಿ ನಿಲ್ಲುವುದುಂಟು. ಜಾಸ್ತಿಯಾದರೆ ಪೂರ್ತಿ ಹಿಡಿ ತಿರುಗಿಸಿದರೂ ಸ್ಲೈಡ್ ಪೂರ್ತಿ ಏಳದು. ಅಡ್ಜಸ್ಟರ್ ಸ್ವಲ್ಪ ಸರಿಪಡಿಸುತ್ತದೆ, ಎಲ್ಲವನ್ನೂ ಅಲ್ಲ. ತಂತಿಯ ತುದಿಯ ಗುಂಡಿಗೆ ನಿಪ್ಪಲ್ ಎನ್ನುತ್ತಾರೆ. ಅದನ್ನು ಹಾಕುವಾಗ ತಂತಿಯ ತುದಿಯನ್ನು ಹಿತ್ತಾಳೆ ನಿಪ್ಪಲಿನಿಂದ ಆಚೆ ತಂದು, ಎಳೆಗಳನ್ನು ಹೂವಿನಂತೆ ಅರಳಿಸಿ, ಆಮೇಲೆ ಸಾಲ್ಡರ್ ತುಂಬಬೇಕು. ನೇರ ತಂತಿಗೆ ಬರೀ ಸಾಲ್ಡರ್ ಹಾಕಿದರೆ ಎಳೆದಾಗ ಕಳಚಿ ಬರುತ್ತದೆ. ಬ್ರೇಕ್ ಕೇಬಲಿಗೆ ಈ ಪ್ರಯೋಗ ಮಾಡಲಿಲ್ಲ. ಅಳತೆ ಕೊಟ್ಟು ಕೇಬಲ್ ಮಾಡುವವರ ಹತ್ತಿರವೇ ಮಾಡಿಸಿದೆ. ಡ್ರಮ್ ಬ್ರೇಕ್ ಆದ್ದರಿಂದ ಇಷ್ಟರಲ್ಲಿ ಮುಗಿಯಿತು, ಡಿಸ್ಕ್ ಆಗಿದ್ದರೆ ಹೋಸ್, ಆಯಿಲ್ ಗೋಳು ಬೇರೆ.

ಕ್ಲಾಂಪ್ ಬೋಲ್ಟ್ 8 ಮಿ.ಮೀ. ಅಳತೆಯದಾದರೆ ಸುಮಾರು 20 ನ್ಯೂಟನ್ ಮೀಟರ್ ಬಿಗಿ ಸಾಕು: 15 ಸೆಂ.ಮೀ. ಸ್ಪ್ಯಾನರಿನ ತುದಿಗೆ 13 ಕೆ.ಜಿ. ಭಾರ ಹಾಕಿದಂತೆ. ನಾಲ್ಕನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಈಗ ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಿ. ರೇಸ್ ಒಂದಿಷ್ಟು ಏರಿದರೂ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದರ್ಥ, ಗಾಡಿ ರಸ್ತೆಗೆ ಇಳಿಸಬೇಡಿ. ಎರಡೂ ಕೊನೆಯಲ್ಲಿ ಲಿವರ್ ಮತ್ತು ಟ್ಯಾಂಕಿನ ನಡುವೆ ಬೆರಳು ದಾಟುವಷ್ಟು ಜಾಗ ಇರಲಿ. ಟೀ ಮತ್ತು ಚಾಸಿಸ್ ನಡುವೆ ವೈರಿಂಗ್ ಸಿಕ್ಕಿದರೆ ಇವತ್ತಲ್ಲ ನಾಳೆ ಇನ್ಸುಲೇಷನ್ ಕಿತ್ತು ಫ್ಯೂಸ್ ಹಾರುತ್ತದೆ.

ತುದಿಗೆ ಹಾಕುವ ಮಿರರ್ ಕೊಂಡರೆ ಬಲಗಡೆ ಗ್ರಿಪ್ ಮತ್ತು ಮಿರರ್ ನಡುವೆ 2-3 ಮಿ.ಮೀ. ಬಿಡಿ. ಒತ್ತಿ ಕೂರಿಸಿದರೆ ಆಕ್ಸಿಲರೇಟರ್ ವಾಪಸ್ ಬರುವುದಿಲ್ಲ. ಬಾರಿನ ಗೋಡೆ 2 ಮಿ.ಮೀ. ದಪ್ಪವಿದ್ದರೆ ಒಳವ್ಯಾಸ 18 ಮಿ.ಮೀ., ಅದಕ್ಕೆ ಹೊಂದುವ ರಬ್ಬರ್ ಇರುವ ಮಿರರ್ ಕೇಳಿ.

ಫುಟ್‌ರೆಸ್ಟ್ ಹಿಂದಕ್ಕೆ ಸರಿಸದೆ ಬಾರ್ ಮಾತ್ರ ಇಳಿಸಿದರೆ ಮೈಭಾರ ಅಂಗೈ ಮೇಲೆ ಬೀಳುತ್ತದೆ. ನನ್ನ ಮಟ್ಟಿಗೆ 6 ಸೆಂ.ಮೀ. ತಡೆಯುತ್ತದೆ, ಅದಕ್ಕಿಂತ ಇಳಿಸಬೇಕಾದರೆ ರಿಯರ್‌ಸೆಟ್, ಅಂದರೆ ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್, ಬೇಕು. ಆಗ ಗೇರ್ ಲಿಂಕೇಜ್, ಹಿಂದಿನ ಬ್ರೇಕ್ ರಾಡ್ ಎಲ್ಲ ಹೊಸದು, ಕಿಕ್ಕರ್ ಒದೆಯುವಾಗ ಫುಟ್‌ರೆಸ್ಟ್ ಅಡ್ಡ ಬರದಂತೆ ಮಡಚುವ ಹಾಗೂ ಇರಬೇಕು.

100 ಕಿ.ಮೀ. ಓಡಿಸಿದ ಮೇಲೆ ಕ್ಲಾಂಪ್ ಬಿಗಿ ಮತ್ತೊಮ್ಮೆ ನೋಡಿ, ಕೇಬಲ್ ಕವಚ ಎಲ್ಲಾದರೂ ಉಜ್ಜಿದೆಯೇ ಗಮನಿಸಿ. ಹಳೆಯ ಹ್ಯಾಂಡಲ್, ಕೇಬಲ್ ಬಿಸಾಡಬೇಡಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ತಪಾಸಣೆಗೆ ಆರ್‌ಟಿಒ ಹತ್ತಿರ ಹೋಗುವ ಹಿಂದಿನ ದಿನ ಮೂಲ ಹ್ಯಾಂಡಲ್ ವಾಪಸ್ ಹಾಕುವುದು ಎರಡು ಗಂಟೆಯ ಕೆಲಸ, ಕೇಬಲ್ ಕೈಯಲ್ಲಿ ಇದ್ದರೆ.