ಲೈಕ್ರಾ ಬಟ್ಟೆಗೆ ಯಾವ ಫ್ಯೂಸಿಂಗ್? ನನ್ನ ಅನುಭವ

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ ಇದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೊದಲೆಲ್ಲ ಬ್ಲೌಸು, ಚೂಡಿದಾರ ಅಷ್ಟೇ ಹೊಲಿಯುತ್ತಿದ್ದೆ. ಈಗ ನಾಲ್ಕೈದು ವರ್ಷದಿಂದ ಕಾಲೇಜಿಗೆ, ಬ್ಯಾಂಕಿಗೆ ಹೋಗುವ ಹೆಣ್ಣುಮಕ್ಕಳು ಕೋಟು, ಪ್ಯಾಂಟು, ಕಾಲರ್ ಇರುವ ಕುರ್ತಾ ಬೇಕು ಅಂತ ಬರುತ್ತಾರೆ. ಅವರು ತರುವ ಬಟ್ಟೆಯಲ್ಲಿ ಲೈಕ್ರಾ, ಅಂದರೆ ರಬ್ಬರಿನ ಹಾಗೆ ಎಳೆದರೆ ಹಿಗ್ಗಿ ವಾಪಸ್ ಬರುವ ದಾರ, ಇರುವುದೇ ಜಾಸ್ತಿ. ಕಾಲರು, ಪಟ್ಟಿಯಂಥ ಜಾಗ ಆಕಾರಕ್ಕೆ ನಿಲ್ಲಲಿ ಅಂತ ಬಟ್ಟೆಯ ಒಳಮೈಗೆ ಇಸ್ತ್ರಿಯಿಂದ ಅಂಟಿಸುವ ಪದರವೇ ಫ್ಯೂಸಿಂಗ್. ನಮ್ಮ ಊರು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿತ್ತು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಿದ್ದರು. ನನಗೆ ಹೊಲಿಗೆ ಕಲಿಸಿದ ಮಾಸ್ಟರ್ ಅಂಥ ಹತ್ತಿ ಬಟ್ಟೆಯಲ್ಲೇ ಕೈ ಪಳಗಿಸಿದವರು. ಅವರು ಹೇಳಿಕೊಟ್ಟಿದ್ದೆಲ್ಲ ಎಳೆದರೆ ಬರದ ಬಟ್ಟೆಯ ಪಾಠ. ಎಳೆದರೆ ಬರುವ ಬಟ್ಟೆಯ ಪಾಠವನ್ನು ನಾನು ಬಟ್ಟೆ ಕೆಡಿಸಿಯೇ ಕಲಿಯಬೇಕಾಯಿತು.

ಕೆಡಿಸಿದ್ದು ಒಬ್ಬ ಲೆಕ್ಚರರ್ ಮೇಡಂ ಕೋಟು. ನೀಲಿ ಬಣ್ಣದ ದಪ್ಪ ನಿಟ್ ಬಟ್ಟೆ. ಟೀ ಶರ್ಟಿನ ಹಾಗೆ ಹೆಣೆದದ್ದು, ಆದರೆ ಗಟ್ಟಿ, ಮುಟ್ಟಿದರೆ ಮೆತ್ತಗೆ. ದುಗ್ಗಮ್ಮನ ಜಾತ್ರೆ ಹತ್ತಿರ ಬಂದಿತ್ತು. ಆ ಸಮಯದಲ್ಲಿ ನಮಗೆ ಊಟಕ್ಕೂ ಬಿಡುವಿರುವುದಿಲ್ಲ. ಮುಂಭಾಗಕ್ಕೆ, ಕಾಲರಿಗೆ ನನ್ನ ಹತ್ತಿರ ಯಾವಾಗಲೂ ಇರುವ ಪೇಪರ್ ಕ್ಯಾನ್ವಾಸ್ ಅಂಟಿಸಿದೆ. ಟ್ರಯಲ್ಲಿಗೆ ಹಾಕಿದಾಗ ಎಷ್ಟು ಚೆನ್ನಾಗಿ ನಿಂತಿತ್ತು ಅಂದರೆ, ಅವರೂ ಖುಷಿ, ನಾನೂ ಖುಷಿ. ಒಂದೂವರೆ ತಿಂಗಳು ಬಿಟ್ಟು ಮತ್ತೆ ಬಂದರು. "ಅಕ್ಕಾ, ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಎದೆ ಮುಂದೆ ರಟ್ಟು ಇಟ್ಟ ಹಾಗೆ ಆಗುತ್ತೆ. ಒಗೆದ ಮೇಲೆ ನೋಡಿ, ಹಪ್ಪಳದ ಥರ ಗುಳ್ಳೆ ಬಂದಿದೆ" ಅಂದರು. ಬೇಜಾರು ಮಾಡಿಕೊಳ್ಳದೆ ಮೆತ್ತಗೇ ಹೇಳಿದರು. ಅದಕ್ಕೇ ನನಗೆ ಇನ್ನೂ ಜಾಸ್ತಿ ಸಂಕಟವಾಯಿತು.

ಹೊಲಿಗೆ ಬಿಚ್ಚಿ ನೋಡಿದೆ. ಪೇಪರ್ ಕ್ಯಾನ್ವಾಸ್ ಅಂದರೆ ನೇಯ್ದದ್ದೂ ಅಲ್ಲ, ಹೆಣೆದದ್ದೂ ಅಲ್ಲ. ನಾರುಗಳನ್ನು ಹರಡಿ ಒತ್ತಿ ಹಾಳೆಯ ಹಾಗೆ ಮಾಡಿರುತ್ತಾರೆ. ಅದರ ಒಂದು ಮೈಗೆ ಅಂಟಿನ ಸಣ್ಣ ಸಣ್ಣ ಚುಕ್ಕಿ. ಬಿಸಿ ತಾಗಿದರೆ ಚುಕ್ಕಿ ಕರಗಿ ಬಟ್ಟೆ ಹಿಡಿದುಕೊಳ್ಳುತ್ತದೆ. ಇಲ್ಲಿ ಆಗಿದ್ದೇನು? ಅವರು ಕೈ ಎತ್ತಿದಾಗಲೆಲ್ಲ ಬಟ್ಟೆ ಹಿಗ್ಗಬೇಕು ಅನ್ನುತ್ತದೆ, ಹಾಳೆ ಬರಲ್ಲ ಅನ್ನುತ್ತದೆ. ನಡುವೆ ಸಿಕ್ಕಿದ್ದು ಆ ಚುಕ್ಕಿಗಳು. ಒಂದೊಂದೇ ಬಿಟ್ಟುಕೊಂಡವು. ಒಗೆದಾಗ ಬಟ್ಟೆ ಸ್ವಲ್ಪ ಕುಗ್ಗಿತು, ಹಾಳೆ ಕುಗ್ಗಲಿಲ್ಲ, ಬಿಟ್ಟಲ್ಲೆಲ್ಲ ಗುಳ್ಳೆ ಎದ್ದಿತು. ಹಾಳೆ ಕಿತ್ತರೂ ಅಂಟು ಬಟ್ಟೆಯಲ್ಲೇ ಉಳಿದು ಕೈಗೆ ಚರಚರ ಅನ್ನುತ್ತಿತ್ತು. ಅಂಥದೇ ಬಟ್ಟೆ ಹುಡುಕಿ ನನ್ನ ದುಡ್ಡಲ್ಲೇ ತಂದು ಮುಂಭಾಗ ಎರಡನ್ನೂ ಹೊಸದಾಗಿ ಕತ್ತರಿಸಿದೆ.

ಹೊಸ ಫ್ಯೂಸಿಂಗ್ ಹುಡುಕುವುದೇ ಒಂದು ಕೆಲಸವಾಯಿತು. ನಮ್ಮ ಕಡೆ ಬಕ್ರಂನಿಂದ ಹಿಡಿದು ಅಂಟಿಸುವ ಹಾಳೆಯವರೆಗೆ ಎಲ್ಲದಕ್ಕೂ ಕ್ಯಾನ್ವಾಸ್ ಅಂತಲೇ ಹೆಸರು. ಸ್ಟ್ರೆಚ್ ಇರುವುದು ಕೊಡಿ ಅಂದರೆ ಅಂಗಡಿಯವರು ಮುಖ ಮುಖ ನೋಡಿದರು. ಕೊನೆಗೆ ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಚಿಕ್ಕಪೇಟೆಯಲ್ಲಿ ಮೂರು ಥರದ್ದನ್ನು ಎರಡೆರಡು ಮೀಟರ್ ತಂದೆ. ಅವತ್ತು ಟೇಬಲ್ ಮೇಲೆ ಹರಡಿಕೊಂಡು ಎಳೆದು ಎಳೆದು ನೋಡಿದ್ದೇ ನನಗೆ ದೊಡ್ಡ ಪಾಠ.

ಒಂದು ಟ್ರೈಕಾಟ್. ತೆಳ್ಳಗೆ ಹೆಣೆದದ್ದು, ಬನಿಯನ್ನಿನ ಹಾಗೆ ಜೋಲುತ್ತದೆ. ಅಂಚಿನಿಂದ ಅಂಚಿಗೆ, ಅಂದರೆ ಅಡ್ಡಕ್ಕೆ ಎಳೆದರೆ ಚೆನ್ನಾಗಿ ಬರುತ್ತದೆ, ಉದ್ದಕ್ಕೆ ಎಳೆದರೆ ಹೆಚ್ಚುಕಡಿಮೆ ಬರುವುದೇ ಇಲ್ಲ. ಎರಡನೆಯದು ನೇಯ್ದದ್ದು. ಆದರೆ ಅದರ ದಾರವೇ ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿ, ಹಾಗಾಗಿ ಉದ್ದಕ್ಕೂ ಅಡ್ಡಕ್ಕೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತದೆ. ಮೂರನೆಯದು ನೋಡಲು ಟ್ರೈಕಾಟಿನ ಹಾಗೇ ಇದೆ, ಆದರೆ ಹೆಣಿಗೆಯ ನಡುವೆ ಅಡ್ಡಕ್ಕೆ ಒಂದು ದಾರ ಮಲಗಿಸಿರುತ್ತಾರೆ. ಅದು ಅಡ್ಡಕ್ಕೂ ಅಷ್ಟಾಗಿ ಬರುವುದಿಲ್ಲ, ಕ್ರಾಸಿಗೆ, ಅಂದರೆ ಓರೆಗೆ ಎಳೆದರೆ ಮಾತ್ರ ಬಾಗುತ್ತದೆ. ಮೂರನ್ನೂ ಅಂಗಡಿಯಾತ ನಿಟ್ ಫ್ಯೂಸಿಂಗ್ ಅಂತ ಒಂದೇ ಹೆಸರು ಹೇಳಿ ಕೊಟ್ಟಿದ್ದ. ಹೆಸರು ನಂಬಬೇಡಿ, ಎಳೆದು ನೋಡಿ. ತೂಕವನ್ನೂ ಕೇಳಿ. ಚದರ ಮೀಟರಿಗೆ 25ರಿಂದ 30 ಗ್ರಾಂ ಇರುವುದು ಕುರ್ತಾ, ಬ್ಲೌಸಿಗೆ ಸಾಕು. ಕೋಟಿಗೆ ನಾನು 40ರಿಂದ 50 ಗ್ರಾಂ ಒಳಗಿನದು ತರುತ್ತೇನೆ. ಬಟ್ಟೆಗಿಂತ ಫ್ಯೂಸಿಂಗ್ ಭಾರ ಆಗಬಾರದು. ಭಾರ ಆದರೆ ಕೋಟು ಫ್ಯೂಸಿಂಗಿನ ಆಕಾರಕ್ಕೆ ನಿಲ್ಲುತ್ತದೆ, ಮೈಯ ಆಕಾರಕ್ಕೆ ನಿಲ್ಲುವುದಿಲ್ಲ.

ಅಳೆಯುವುದು ಸುಲಭ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ 10 ಸೆಂಟಿಮೀಟರ್ ಗುರುತು ಹಾಕಿ, ಸ್ಕೇಲಿನ ಪಕ್ಕದಲ್ಲಿ ಹಿತವಾಗಿ ಎಳೆಯಿರಿ. 12ಕ್ಕೆ ಬಂತು ಅಂದರೆ ನೂರಕ್ಕೆ ಇಪ್ಪತ್ತು ಹಿಗ್ಗುತ್ತದೆ. ಬಿಟ್ಟ ಮೇಲೆ 10ಕ್ಕೇ ವಾಪಸ್ ಬಂತಾ ಅನ್ನುವುದನ್ನು ಮರೆಯದೆ ನೋಡಿ. ಹಿಗ್ಗುವುದಕ್ಕಿಂತ ವಾಪಸ್ ಬರುವುದು ಮುಖ್ಯ. ವಾಪಸ್ ಬರದ ಫ್ಯೂಸಿಂಗ್ ಹಾಕಿದರೆ ಮೊಣಕೈ ಹತ್ತಿರ, ಸೊಂಟದ ಹತ್ತಿರ ಬಟ್ಟೆ ಜೋಲು ಬಿದ್ದು ಹಾಗೇ ಉಳಿಯುತ್ತದೆ. ಇದೇ ಅಳತೆಯನ್ನು ಬಟ್ಟೆ, ಫ್ಯೂಸಿಂಗ್, ಎರಡೂ ಅಂಟಿಸಿದ ತುಂಡು, ಮೂರರ ಮೇಲೂ ಮಾಡುತ್ತೇನೆ. ಯಾಕೆಂದರೆ ಅಂಟಿಸಿದ ಮೇಲೆ ಎರಡರ ಹಿಗ್ಗೂ ಕಡಿಮೆಯಾಗುತ್ತದೆ, ಚುಕ್ಕಿಗಳು ಒಂದನ್ನೊಂದು ಹಿಡಿದಿರುತ್ತವಲ್ಲ. ಬೇರೆ ಬೇರೆಯಾಗಿ 20, 20 ಇದ್ದದ್ದು ಸೇರಿದ ಮೇಲೆ 12 ಆಗಿದ್ದನ್ನೂ ನೋಡಿದ್ದೇನೆ.

ಇಷ್ಟೆಲ್ಲ ತಿಳಿದ ಮೇಲೂ ಇನ್ನೊಂದು ತಪ್ಪು ಮಾಡಿದೆ. ಸ್ಟ್ರೆಚ್ ಪ್ಯಾಂಟಿನ ಬೆಲ್ಟ್ ಪಟ್ಟಿ. ಫ್ಯೂಸಿಂಗ್ ಉಳಿಸೋಣ ಅಂತ ಟ್ರೈಕಾಟನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ಅಂಟಿಸಿ ಹೊಲಿದ ಮೇಲೆ ನೋಡಿದರೆ ಪ್ಯಾಂಟೆಲ್ಲ ಹಿಗ್ಗುತ್ತದೆ, ಸೊಂಟ ಮಾತ್ರ ಹಗ್ಗ ಕಟ್ಟಿದ ಹಾಗೆ. ಹಾಕಿಕೊಳ್ಳುವಾಗ ದಾರ ಪಟಪಟ ಕಿತ್ತಿತು. ಉದ್ದಕ್ಕೆ ಬರುವುದಿಲ್ಲ ಅಂತ ನಾನೇ ಎಳೆದು ನೋಡಿದ್ದೆ, ಪಟ್ಟಿಯ ಉದ್ದ ಸೊಂಟದ ಸುತ್ತ ಹೋಗುತ್ತದೆ ಅನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಈಗ ಬೆಲ್ಟ್ ಪಟ್ಟಿಗೆ ಟ್ರೈಕಾಟನ್ನು ಅಡ್ಡಕ್ಕೇ ಕತ್ತರಿಸುತ್ತೇನೆ. ನಾನು ತರುವುದು 60 ಇಂಚು ಅಗಲ ಇರುತ್ತದೆ, ಒಂದು ಸೊಂಟಕ್ಕೆ ಧಾರಾಳ ಸಾಕು.

ಅಲ್ಲಿಂದ ಕೈಯಲ್ಲಿ ಕತ್ತರಿ ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಜಾಗದಲ್ಲಿ ಬಟ್ಟೆ ಬಿಟ್ಟುಕೊಡಬೇಕಾ, ಗಟ್ಟಿಯಾಗಿ ನಿಲ್ಲಬೇಕಾ? ಸೊಂಟ, ಬೆನ್ನಿನ ಅಗಲ, ಎದೆಯ ಅಡ್ಡ, ಇವು ಬಿಟ್ಟುಕೊಡಬೇಕು. ಭುಜದ ಹೊಲಿಗೆ, ಕುತ್ತಿಗೆಯ ಅಂಚು, ಜೇಬಿನ ಬಾಯಿ, ಜಿಪ್ ಕೂರುವ ಜಾಗ ನಿಲ್ಲಬೇಕು. ಗುಂಡಿ ಪಟ್ಟಿಯದು ಸ್ವಲ್ಪ ಮಜಾ. ಅದು ಮೇಲಿಂದ ಕೆಳಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಅಲೆ ಅಲೆಯಾಗಿ ಉದ್ದವಾಗುತ್ತದೆ. ಟ್ರೈಕಾಟಿನ ಉದ್ದವನ್ನು ಪಟ್ಟಿಯ ಉದ್ದಕ್ಕೇ ಇಟ್ಟರೆ ಆಯಿತು, ಮೇಲಿಂದ ಕೆಳಕ್ಕೆ ಗಟ್ಟಿ, ಅಡ್ಡಕ್ಕೆ ಮೆತ್ತಗೆ. ಆದರೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು ಹಾಕುವ ಜಾಗದಲ್ಲಿ ಆ ಅಡ್ಡದ ಹಿಗ್ಗೂ ಬೇಡ. ಹಿಗ್ಗಿದರೆ ಕಾಜಾ ಮೀನಿನ ಬಾಯಿಯ ಹಾಗೆ ತೆರೆದುಕೊಳ್ಳುತ್ತದೆ. ಪ್ರತಿ ಕಾಜಾದ ಹಿಂದೆ ಎಳೆದರೆ ಬರದ ಫ್ಯೂಸಿಂಗಿನ ಒಂದು ಚಿಕ್ಕ ತುಂಡು ಇಡುತ್ತೇನೆ, ಕಾಜಾಕ್ಕಿಂತ ಅರ್ಧ ಇಂಚು ದೊಡ್ಡದು. ಪೇಪರ್ ಕ್ಯಾನ್ವಾಸ್ ಈಗ ನನ್ನ ಅಂಗಡಿಯಲ್ಲಿ ಹೆಚ್ಚಾಗಿ ಇದಕ್ಕೇ ಬಳಕೆ.

ಭುಜಕ್ಕೆ ನಮ್ಮ ಮಾಸ್ಟರ್ ಹಳೆಯ ಉಪಾಯವೇ ಒಳ್ಳೆಯದು. ಎಳೆದರೆ ಬರದ ಬಟ್ಟೆಯ ಅಂಚಿನಿಂದ ಕಾಲಿಂಚು ಅಗಲದ ಪಟ್ಟಿ ಕತ್ತರಿಸಿ ಹೊಲಿಗೆಯ ಜೊತೆಗೇ ಹಿಡಿದು ಹೊಲಿಯುವುದು. ಅವರಿಗೆ ಈ ಟ್ರೈಕಾಟ್ ತೋರಿಸಿದಾಗ ಎರಡು ಬೆರಳಲ್ಲಿ ಉಜ್ಜಿ ನೋಡಿ, "ತಂಗಿ, ಇದು ಬಟ್ಟೆ ಮಾತು ಕೇಳ್ತದೆ. ಭುಜ ಮಾತ್ರ ಇದರ ಕೈಗೆ ಕೊಡಬೇಡ" ಅಂದರು. ಹತ್ತಿ ಬಟ್ಟೆಯಲ್ಲೇ ಜೀವನ ಕಳೆದವರು, ಮುಟ್ಟಿದ ಕೂಡಲೇ ತಿಳಿದುಕೊಂಡರು.

ಇನ್ನು ಇಸ್ತ್ರಿ. ಫ್ಯೂಸಿಂಗ್ ಎಷ್ಟೇ ಒಳ್ಳೆಯದು ತಂದರೂ ಇಸ್ತ್ರಿಯಲ್ಲಿ ಕೆಡುತ್ತದೆ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಇದಕ್ಕೇ ಬೇರೆ ಮಷಿನ್ ಇರುತ್ತದೆ. ಬಿಸಿ, ಒತ್ತಡ, ಸಮಯ ಮೂರನ್ನೂ ಅದೇ ನೋಡಿಕೊಳ್ಳುತ್ತದೆ. ನಮ್ಮಂಥವರ ಹತ್ತಿರ ಇರುವುದು ಕೈ ಇಸ್ತ್ರಿ. ಮೊದಲ ತಪ್ಪು ಎಲ್ಲರೂ ಮಾಡುವುದೇ: ಶರ್ಟಿಗೆ ಮಾಡುವ ಹಾಗೆ ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡುವುದು. ಸ್ಟ್ರೆಚ್ ಫ್ಯೂಸಿಂಗ್ ಬಿಸಿಯಲ್ಲಿ ಪೆಟ್ಟಿಗೆಯ ಜೊತೆ ಹಿಗ್ಗುತ್ತಾ ಹೋಗಿ, ಹಿಗ್ಗಿದ ಹಾಗೇ ಅಂಟಿಕೊಳ್ಳುತ್ತದೆ. ತಣ್ಣಗಾದ ಮೇಲೆ ಕುಗ್ಗಲು ನೋಡುತ್ತದೆ, ಬಟ್ಟೆಯ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಹಾಗಾಗಿ ಎಳೆಯಬೇಡಿ. ಇಡಿ, ಮೈ ಭಾರ ಬಿಟ್ಟು ಒತ್ತಿ, ಹನ್ನೆರಡು ಎಣಿಸಿ, ಎತ್ತಿ, ಪಕ್ಕದ ಜಾಗಕ್ಕೆ ಸ್ವಲ್ಪ ಹಿಂದಿನದರ ಮೇಲೆ ಬರುವ ಹಾಗೆ ಇಡಿ. ಬಿಸಿ ಇಸ್ತ್ರಿ ಪೆಟ್ಟಿಗೆಯ ಮೇಲಿರುವ ಎರಡು ಚುಕ್ಕಿ ಗುರುತಿನಲ್ಲಿ, ಅಂದರೆ ಸುಮಾರು 150 ಡಿಗ್ರಿ. ಮೂರು ಚುಕ್ಕಿ 200ರ ಹತ್ತಿರ ಹೋಗುತ್ತದೆ. ಅಷ್ಟು ಬಿಸಿ ಕೊಟ್ಟರೆ ಲೈಕ್ರಾ ಸತ್ತುಹೋಗುತ್ತದೆ, ಅಂಟು ಬಟ್ಟೆಯ ಮುಂಭಾಗಕ್ಕೂ ಒಸರುತ್ತದೆ. ನಡುವೆ ತೆಳ್ಳನೆಯ ಕಾಟನ್ ಬಟ್ಟೆ ಹಾಕಿಕೊಳ್ಳಿ. ಸ್ಟೀಮ್ ಪೆಟ್ಟಿಗೆಯಾದರೆ ಅಡಿಯಲ್ಲಿ ತೂತುಗಳಿರುತ್ತವೆ, ತೂತು ಬಿದ್ದಲ್ಲಿ ಒತ್ತು ಬೀಳುವುದಿಲ್ಲ. ಎರಡನೇ ಸಲ ಸ್ವಲ್ಪ ಜರುಗಿಸಿ ಒತ್ತಬೇಕು.

ಕೆಳಗೆ ಏನಿದೆ ಅನ್ನುವುದೂ ಅಷ್ಟೇ ಮುಖ್ಯ. ಸ್ಪಂಜಿನ ಇಸ್ತ್ರಿ ಬೋರ್ಡ್ ಮೇಲೆ ಒತ್ತಿದರೆ ಒತ್ತಡವನ್ನೆಲ್ಲ ಸ್ಪಂಜೇ ನುಂಗಿಬಿಡುತ್ತದೆ. ನಾನು ಮರದ ಟೇಬಲ್ ಮೇಲೆ ಚಳ್ಳಕೆರೆ ಕಂಬಳಿಯನ್ನು ಎರಡು ಮಡಿಕೆ ಹಾಕಿ, ಮೇಲೆ ಹಳೆಯ ಪಂಚೆ ಹಾಸಿಕೊಂಡಿದ್ದೇನೆ. ಅತ್ತೆಯವರ ಕಾಲದ ಕಂಬಳಿ ಅದು. ಉಣ್ಣೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಕೆಳಗಿನಿಂದಲೂ ಶಾಖ ಸಿಗುತ್ತದೆ. ಒಂದು ಮೈ ಆದ ಮೇಲೆ ಹೊರಳಿಸಿ ಬಟ್ಟೆಯ ಕಡೆಯಿಂದಲೂ ಒತ್ತುತ್ತೇನೆ. ಆಮೇಲೆ ಮುಟ್ಟುವುದಿಲ್ಲ. ಪೂರ್ತಿ ತಣ್ಣಗಾಗುವವರೆಗೆ ಟೇಬಲ್ ಮೇಲೇ ಬಿಡುತ್ತೇನೆ. ಬಿಸಿಯಲ್ಲಿ ಅಂಟು ಇನ್ನೂ ಪಾಕದ ಹಾಗೆ ಇರುತ್ತದೆ, ಎತ್ತಿದರೆ ಅಲ್ಲಲ್ಲೇ ಬಿಟ್ಟುಕೊಳ್ಳುತ್ತದೆ. ಕರೆಂಟು ಹೋಗುವ ಹೊತ್ತು ಗೊತ್ತಿದ್ದರೆ ಆ ಹೊತ್ತಿಗೆ ಫ್ಯೂಸಿಂಗ್ ಕೆಲಸ ಇಟ್ಟುಕೊಳ್ಳುವುದೇ ಇಲ್ಲ. ಅರ್ಧ ಬಿಸಿಯಲ್ಲಿ ಅಂಟಿಸಿದ್ದು ಅವತ್ತು ಚೆನ್ನಾಗಿಯೇ ಕಾಣುತ್ತದೆ, ಒಗೆದ ದಿನ ಗೊತ್ತಾಗುತ್ತದೆ.

ಕತ್ತರಿಸುವ ಮೊದಲು ಬಟ್ಟೆಯನ್ನೂ ಫ್ಯೂಸಿಂಗನ್ನೂ ನೆನೆಸಿ ಒಣಗಿಸುತ್ತೇನೆ. ಬಟ್ಟೆ ಮಾಮೂಲಿ ಒಗೆದರೆ ಸಾಕು. ಫ್ಯೂಸಿಂಗನ್ನು ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ಹಿಂಡದೆ, ಟವೆಲ್ಲಿನಲ್ಲಿ ಒತ್ತಿ, ನೆರಳಲ್ಲಿ ಹರಡಬೇಕು. ಅದಕ್ಕೆ ಇಸ್ತ್ರಿ ಮಾಡಬೇಡಿ, ಅಂಟು ಪೆಟ್ಟಿಗೆಗೇ ಹತ್ತುತ್ತದೆ. ಕೋಟಿನ ಮುಂಭಾಗದಂಥ ದೊಡ್ಡ ಪೀಸಾದರೆ ಬಟ್ಟೆಯನ್ನು ಸುತ್ತ ಒಂದಿಂಚು ಜಾಸ್ತಿ ಬಿಟ್ಟು ಒರಟಾಗಿ ಕತ್ತರಿಸಿ, ಫ್ಯೂಸಿಂಗ್ ಅಂಟಿಸಿ, ತಣ್ಣಗಾದ ಮೇಲೆ ಪ್ಯಾಟರ್ನ್ ಇಟ್ಟು ಸರಿಯಾಗಿ ಕತ್ತರಿಸುತ್ತೇನೆ. ಬಿಸಿಗೆ ಬಟ್ಟೆ ಎರಡು ಮೂರು ಮಿಲಿಮೀಟರ್ ಕುಗ್ಗಿದರೂ ಅಳತೆ ತಪ್ಪುವುದಿಲ್ಲ.

ಬಣ್ಣವನ್ನೂ ನೋಡಿ. ತೆಳ್ಳನೆಯ ಕಪ್ಪು ಬಟ್ಟೆಯ ಹಿಂದೆ ಬಿಳಿ ಫ್ಯೂಸಿಂಗ್ ಹಾಕಿದರೆ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತದೆ. ನಾನು ಕಪ್ಪು, ಬಿಳಿ ಎರಡೂ ಇಟ್ಟುಕೊಂಡಿದ್ದೇನೆ. ಹೊಲಿಯಲು ತುದಿ ಗುಂಡಗಿರುವ ಬಾಲ್ ಪಾಯಿಂಟ್ ಸೂಜಿಯೇ ಬೇಕು, ಮಾಮೂಲಿ ಚೂಪು ಸೂಜಿ ಹೆಣಿಗೆಯ ದಾರ ಕತ್ತರಿಸುತ್ತದೆ.

ಮೇಡಂ ಅವರ ಕೋಟಿಗೆ ಟ್ರೈಕಾಟ್ ಹಾಕಿದೆ, ಹಿಗ್ಗುವ ಕಡೆ ಮೈಯ ಅಡ್ಡಕ್ಕೆ. ಕೊಡುವ ಮೊದಲು ಅದೇ ಬಟ್ಟೆಯ ಚೂರಿಗೆ ಅದೇ ಫ್ಯೂಸಿಂಗ್ ಅಂಟಿಸಿ ಮೂರು ಸಲ ಒಗೆದು, ಒಣಗಿಸಿ, ಉಗುರಿನಿಂದ ಮೂಲೆ ಕೀಳಲು ನೋಡಿದೆ. ಬರಲಿಲ್ಲ. ಆ ಚೂರಿನ ಹಿಂದೆ ತಾರೀಕು, ಬಿಸಿ, ಎಷ್ಟು ಎಣಿಸಿದೆ ಅನ್ನುವುದನ್ನು ಬರೆದು ಪಿನ್ ಹಾಕಿ ಇಟ್ಟುಕೊಂಡೆ. ಈಗ ಅಂಥ ಚೂರುಗಳದೇ ಒಂದು ನೋಟ್‌ಬುಕ್ ಆಗಿದೆ. ಹೊಸ ಬಟ್ಟೆ ಬಂದರೆ ಮೊದಲು ಅದರಲ್ಲಿ ಹುಡುಕುತ್ತೇನೆ.

ಒಂದು ಬಟ್ಟೆಗೆ ಮಾತ್ರ ಆ ಪುಸ್ತಕದಲ್ಲಿ ಚೂರಿಲ್ಲ, ಅದು ಸ್ಟ್ರೆಚ್ ವೆಲ್ವೆಟ್. ಮದುವೆ ಸೀಸನ್ನಿನಲ್ಲಿ ಬ್ಲೌಸಿಗೆ ಬಹಳ ಬರುತ್ತದೆ. ಅದರ ಮೇಲೆ ಒತ್ತಿದರೆ ಕೂದಲು ಮಲಗಿ ಇಸ್ತ್ರಿ ಪೆಟ್ಟಿಗೆಯ ಗುರುತು ಹಾಗೇ ಉಳಿಯುತ್ತದೆ. ಅದಕ್ಕೆ ವೆಲ್ವೆಟ್‌ಗೆ ಅಂಟಿಸುವುದನ್ನೇ ಬಿಟ್ಟೆ. ಸ್ವಲ್ಪ ಹಿಗ್ಗುವ ಲೈನಿಂಗ್ ತಂದು, ಕುತ್ತಿಗೆಯ ಸುತ್ತ ಮತ್ತು ಹುಕ್ ಪಟ್ಟಿಯಲ್ಲಿ ಲೈನಿಂಗಿಗೇ ಫ್ಯೂಸಿಂಗ್ ಅಂಟಿಸಿ, ಆಮೇಲೆ ವೆಲ್ವೆಟ್ ಜೊತೆ ಕೈಹೊಲಿಗೆಯಲ್ಲಿ ಹಿಡಿದು, ಮಷಿನ್ನಿಗೆ ಕೊಡುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳಿ ಐವತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತೇನೆ.