ಹೊಲದ ಕೆಲಸದ ದಿನವೇ ಆ ವಚನ ಓದಿ

ಮನೆಪ್ರಾರ್ಥನೆಯಲ್ಲಿ ಬೈಬಲಿನ ಬೇಸಾಯದ ಸಾಮ್ಯಗಳನ್ನು, ಅಂದರೆ ದೃಷ್ಟಾಂತಗಳನ್ನು, ಪುಸ್ತಕದ ಕ್ರಮದಲ್ಲಿ ಓದುವ ಬದಲು, ಆಯಾ ಕೆಲಸ ಮಂಡ್ಯದ ಹೊಲಗದ್ದೆಗಳಲ್ಲಿ ನಡೆಯುವ ದಿನಕ್ಕೇ ತೆಗೆದಿರಿಸಿ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಭತ್ತದ ಒಟ್ಲು (ಸಸಿಮಡಿ) ಹಾಕುವ ಹೊತ್ತಿನಲ್ಲಿ, ನೆನೆಸಿ ಕಟ್ಟಿಟ್ಟ ಗೋಣಿಚೀಲವನ್ನು ಬಿಚ್ಚಿ, ಸಿಪ್ಪೆ ಸೀಳಿ ಬಿಳಿ ಮೊಳಕೆ ಇಣುಕುತ್ತಿರುವ ಬೆಚ್ಚಗಿನ ಕಾಳುಗಳನ್ನು ಮಕ್ಕಳ ಅಂಗೈಗೆ ಸುರಿದು ಯೋಹಾನ 12:24 ಓದಿದರೆ, ಕಾಳು ಸಾಯದೆ ಫಲವಿಲ್ಲ ಎಂಬ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಅಲ್ಲಿ ಹೇಳಿರುವುದು ಗೋಧಿಯ ಕಾಳು. ಭತ್ತವಾದರೂ ಅರ್ಥ ಕೆಡದು. ಬಿತ್ತಿದವನು ಮಲಗಿದ್ದರೂ ಬೆಳೆಯುವ ಬೀಜದ ಸಾಮ್ಯವನ್ನು, ಅಂದರೆ ಮಾರ್ಕ 4:26-29ನ್ನು, ರಾಗಿ ತೆನೆ ಒಡೆಯುವಾಗ ಓದಬಹುದು. ಯೇಸು ತನ್ನ ಕೇಳುಗರು ದಿನವೂ ಕಾಣುತ್ತಿದ್ದ ಕೆಲಸಗಳನ್ನೇ ಹಿಡಿದು ಮಾತನಾಡಿದ್ದರಿಂದ, ಕಣ್ಣೆದುರಿನ ವಸ್ತುವಿನೊಡನೆ ಓದಿದ ವಚನ ಬೇಗ ನಾಟುತ್ತದೆ, ಮರುವರ್ಷ ಅದೇ ಕೆಲಸ ಬಂದಾಗ ತಾನಾಗಿಯೇ ನೆನಪಿಗೂ ಬರುತ್ತದೆ. ಆದರೆ ಮಳೆಯ ವಿಷಯದಲ್ಲಿ ಈ ಕ್ರಮ ದಾರಿ ತಪ್ಪಿಸುತ್ತದೆ. ಯಾಕೋಬ 5:7ರಲ್ಲಿರುವ ಮುಂಗಾರು ನಮ್ಮ ಜೂನ್ ತಿಂಗಳ ಮಳೆಯಲ್ಲ. ಪ್ಯಾಲೆಸ್ತೀನಿನಲ್ಲಿ ಅದು ಅಕ್ಟೋಬರ್-ನವೆಂಬರಿನಲ್ಲಿ, ನಮ್ಮ ಹಿಂಗಾರಿನ ಕಾಲಕ್ಕೆ, ಬಿತ್ತನೆಗೆ ಬರುವ ಮಳೆ, ಅಲ್ಲಿಯ ಹಿಂಗಾರು ಮಾರ್ಚ್-ಏಪ್ರಿಲಿನದು. ಆದ್ದರಿಂದ ಆ ವಚನಕ್ಕೆ ತಿಂಗಳನ್ನು ಹೊಂದಿಸಲು ಹೋಗದೆ, ಮಳೆಗಾಗಿ ಕಾಯುವ ರೈತನ ತಾಳ್ಮೆಯನ್ನಷ್ಟೇ ತೆಗೆದುಕೊಳ್ಳಿ. ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಕಬ್ಬಿನ ಮೇಲೆ ಯೇಸು ಹೇಳಿದ ಸಾಮ್ಯವೇ ಇಲ್ಲ. ಎಳೆದು ತಂದು ಜೋಡಿಸಿದರೆ ಮಕ್ಕಳೇ ನಗುತ್ತಾರೆ.