ಶಿರಾಡಿ ಏರುವ ಲಾರಿಗೆ ಲಿಫ್ಟ್ ಪಂಪು, ಫಿಲ್ಟರು: ನನ್ನ ಅನುಭವ

ಟ್ಯಾಂಕಿನಿಂದ ಡೀಸೆಲ್ ಎಳೆದು ಎಂಜಿನ್ ಕಡೆಗೆ ಕಳಿಸುವ ಪಂಪಿಗೆ ಲಿಫ್ಟ್ ಪಂಪು ಅಥವಾ ಫೀಡ್ ಪಂಪು ಎನ್ನುತ್ತಾರೆ. ಯಾವ ಲಿಫ್ಟ್ ಪಂಪು ಹಾಕಿಸಲಿ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಬರುವ ದಾರಿ ಹೇಗಿದೆ? ಅದು ಸರಿಯಿಲ್ಲದೆ ಪಂಪು ಬದಲಿಸಿದರೆ ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ.

ನಮ್ಮ ಲಾರಿಗಳು ಮಂಗಳೂರಿನ ಪಣಂಬೂರಿನಿಂದ ರಸಗೊಬ್ಬರ ಹೇರಿಕೊಂಡು ಬಿ.ಸಿ. ರೋಡು, ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಶಿರಾಡಿ ಘಾಟಿ ಹತ್ತುತ್ತವೆ. ಗುಂಡ್ಯದವರೆಗೆ ಚೆನ್ನಾಗಿಯೇ ಓಡುವ ಗಾಡಿ ಏರು ಶುರುವಾದೊಡನೆ ಬಲ ಕಳೆದುಕೊಳ್ಳತೊಡಗಿತು. ಗೇರು ಇಳಿಸಿದರೂ ಎಂಜಿನ್ ಎಳೆಯುತ್ತಿರಲಿಲ್ಲ. ಫೀಡ್ ಪಂಪು ಸೋತಿದೆ, ಜಾಸ್ತಿ ಒತ್ತಡದ ವಿದ್ಯುತ್ ಪಂಪು ಹಾಕಿಸಿ ಎಂದು ಹಲವರು ಹೇಳಿದರು. ಬೈಕಂಪಾಡಿಯ ನಮ್ಮ ಮೇಸ್ತ್ರಿ ಮಾತ್ರ ಅದಕ್ಕೆ ಒಪ್ಪಲಿಲ್ಲ. ಫೀಡ್ ಪಂಪಿಗೆ ಡೀಸೆಲ್ ಬರುವ ಬದಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪು ಕೂರಿಸಿ ಎಂಜಿನ್ ಚಾಲೂ ಮಾಡಿದರು. ಹೊಂಬಣ್ಣದ ಡೀಸೆಲಿನ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಹರಿದು ಬಂದವು. ಆಕ್ಸಿಲರೇಟರ್ ಒತ್ತಿದಷ್ಟೂ ಗುಳ್ಳೆ ಹೆಚ್ಚಾಯಿತು. "ಧಣಿಗಳೇ, ಪಂಪಿಗೆ ಡೀಸೆಲಿನ ಜೊತೆ ಗಾಳಿಯೂ ಹೋಗುತ್ತಿದೆ. ಇದಕ್ಕಿಂತ ದೊಡ್ಡ ಪಂಪು ಹಾಕಿದರೆ ಅದು ಇನ್ನಷ್ಟು ಗಾಳಿ ಎಳೆದೀತು" ಎಂದರು.

ಪಂಪಿನ ಹಿಂದಿನ ಭಾಗದಲ್ಲಿ, ಅಂದರೆ ಟ್ಯಾಂಕಿನ ಕಡೆ, ಇರುವುದು ಒತ್ತಡವಲ್ಲ, ಎಳೆತ. ಅಲ್ಲಿ ವಾಷರ್ ಸವೆದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಎಷ್ಟು ಒರೆಸಿ ನೋಡಿದರೂ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಫಿಲ್ಟರ್ ಕಟ್ಟಿಕೊಂಡಿದ್ದರೆ ಎಳೆತ ಹೆಚ್ಚಿ, ಡೀಸೆಲಿನಲ್ಲಿ ಕರಗಿರುವ ಗಾಳಿಯೂ ಗುಳ್ಳೆಯಾಗಿ ಬೇರ್ಪಡುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಇತ್ತು. ಡೀಸೆಲ್ ಪೈಪನ್ನು ಜೋಡಿಸುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್‌ಗಳನ್ನು ಬದಲಿಸಿ, ಫಿಲ್ಟರ್ ಮತ್ತು ಪಂಪಿನ ನಡುವೆ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಕಟ್ಟಿ, ಹೇರು ತುಂಬಿಸಿ ಘಾಟಿಗೆ ಕರೆದೊಯ್ದೆವು. ಖಾಲಿ ಗಾಡಿಯಲ್ಲಿ ಬೈಕಂಪಾಡಿ ಸುತ್ತಿ ಬಂದರೆ ಈ ಪರೀಕ್ಷೆ ಪ್ರಯೋಜನಕ್ಕೆ ಬಾರದು. ಸೂಜಿ ಏನು ಹೇಳುತ್ತದೆ ಎನ್ನುವುದು ಏರಿನಲ್ಲೇ ತಿಳಿಯಬೇಕು. ಆ ಅಂಕಿಯನ್ನು ಎಂಜಿನ್ ತಯಾರಕರು ಸರ್ವಿಸ್ ಪುಸ್ತಕದಲ್ಲಿ ಕೊಟ್ಟ ಮಿತಿಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ನಾನು ಅಂಗಡಿಗೆ ಹೋದದ್ದು.

ಕೊಂಡದ್ದು ಮೊದಲು ಫಿಲ್ಟರು. ಇಲ್ಲಿ ಅನೇಕರು ಕಡಿಮೆ ಮೈಕ್ರಾನ್ (ಫಿಲ್ಟರು ತಡೆಯುವ ಕಣದ ಅಳತೆ, ಮಿಲಿಮೀಟರಿನ ಸಾವಿರದ ಒಂದು ಪಾಲು) ಎಂದರೆ ಹೆಚ್ಚು ಒಳ್ಳೆಯದು ಎಂದುಕೊಂಡು 2 ಮೈಕ್ರಾನಿನದನ್ನು ಟ್ಯಾಂಕಿನ ಪಕ್ಕದಲ್ಲೇ ಕೂರಿಸುತ್ತಾರೆ. ಎಳೆತದ ಬದಿಯಲ್ಲಿ ಅಷ್ಟು ಸೂಕ್ಷ್ಮವಾದದ್ದು ಪಂಪಿನ ಉಸಿರು ಕಟ್ಟಿಸುತ್ತದೆ. ಪಂಪಿನ ಹಿಂದೆ 10ರಿಂದ 30 ಮೈಕ್ರಾನಿನ, ನೀರು ಬೇರ್ಪಡಿಸುವ ಫಿಲ್ಟರು, ಪಂಪಿನ ಮುಂದೆ, ಒತ್ತಡದ ಬದಿಯಲ್ಲಿ, 2ರಿಂದ 5 ಮೈಕ್ರಾನಿನದು, ಇದು ನಾನು ಪಾಲಿಸುವ ಕ್ರಮ. ನೀರಿನ ಫಿಲ್ಟರು ಪಂಪಿನ ಹಿಂದೆಯೇ ಇರಬೇಕು ಎನ್ನಲು ಕಾರಣವಿದೆ. ಪಂಪಿನೊಳಗೆ ಹೋದ ನೀರು ಚೂರುಚೂರಾಗಿ ಡೀಸೆಲಿನಲ್ಲಿ ಬೆರೆತುಬಿಡುತ್ತದೆ, ಆಮೇಲೆ ಬೇರ್ಪಡಿಸುವುದು ಕಷ್ಟ. ಕಾಮನ್ ರೈಲ್ ಎಂಜಿನಿನಲ್ಲಿ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಒತ್ತಡ 1,600 ಬಾರ್ ದಾಟುತ್ತದೆ, ಅಲ್ಲಿ ನೀರಿನ ಹನಿಗಳು ಇಂಜೆಕ್ಟರನ್ನೇ ತಿಂದುಹಾಕುತ್ತವೆ.

ಗಾತ್ರದ ಲೆಕ್ಕವನ್ನೂ ಹೇಳಬೇಕು. 180 ಅಶ್ವಶಕ್ತಿಯ ಎಂಜಿನ್ ಪೂರ್ಣ ಬಲದಲ್ಲಿ ಗಂಟೆಗೆ ಸುಮಾರು 35 ಲೀಟರ್ ಡೀಸೆಲ್ ಸುಡುತ್ತದೆ. ಆದರೆ ಫಿಲ್ಟರ್ ಮೂಲಕ ಹಾಯುವುದು ಅಷ್ಟೇ ಅಲ್ಲ. ಇಂಜೆಕ್ಷನ್ ಭಾಗಗಳನ್ನು ತಂಪು ಮಾಡಿ, ಜಾರಿಕೆ ಕೊಟ್ಟು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುವ ಡೀಸೆಲ್ ಕೂಡ ಅದರ ಮೂಲಕವೇ ಬಂದಿರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಅದು ಸುಡುವುದಕ್ಕಿಂತ ಜಾಸ್ತಿ. ಎರಡೂ ಕೂಡಿಸಿದ ಮೊತ್ತಕ್ಕಿಂತ ಫಿಲ್ಟರಿನ ಸಾಮರ್ಥ್ಯ ಧಾರಾಳವಾಗಿ ಹೆಚ್ಚಿರಬೇಕು. ಸಂದೇಹವಿದ್ದರೆ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ.

ಫಿಲ್ಟರು, ಪೈಪು, ವಾಷರ್ ಸರಿಯಾದ ಮೇಲೆ ಹೆಚ್ಚಿನ ಗಾಡಿಗಳಿಗೆ ಕಂಪನಿಯ ಫೀಡ್ ಪಂಪೇ ಸಾಕಾಯಿತು. ಟ್ಯಾಂಕಿನಿಂದ ಎಂಜಿನಿಗೆ ಪೈಪು ಉದ್ದವಿದ್ದ ಒಂದು ಹಳೆಯ ಲಾರಿಗೆ ಮಾತ್ರ ವಿದ್ಯುತ್ ಪಂಪು ಸೇರಿಸಿದೆ. ಅದನ್ನು ಆರಿಸುವಾಗ ಡಬ್ಬಿಯ ಮೇಲಿನ ಗರಿಷ್ಠ ಒತ್ತಡಕ್ಕೆ ನಾನು ಬೆಲೆ ಕೊಡಲಿಲ್ಲ. ಇಂಜೆಕ್ಟರುಗಳಿಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪಿನ ಬಾಯಿಗೆ ಎಷ್ಟು ಒತ್ತಡ ಬೇಕೋ ಅಷ್ಟೇ ಇರಬೇಕು, ಮಿತಿ ಮೀರಿದರೆ ಅದರ ಸೀಲ್ ಹೋಗುತ್ತದೆ. ನನಗೆ ಮುಖ್ಯವೆನಿಸಿದ್ದು ಬೇರೆ: ಪಂಪು ಕೆಟ್ಟು ನಿಂತರೂ ತನ್ನೊಳಗಿಂದ ಡೀಸೆಲ್ ಹಾಯಲು ಬಿಡಬೇಕು. ಮೊಬೈಲ್ ಸಿಗ್ನಲ್ ಸಿಗದ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ, ಚಾಲಕ ಹೇಗಾದರೂ ಸಕಲೇಶಪುರ ಮುಟ್ಟಬೇಕಲ್ಲ. ರಿಲೇ, ಫ್ಯೂಸು ಕಡ್ಡಾಯ. ಎಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವಂತೆ ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಜೋಡಿಸಿದ್ದೇವೆ, ಅಪಘಾತವಾದರೆ ಡೀಸೆಲ್ ಸುರಿಯುತ್ತಲೇ ಇರಬಾರದು. ಪಣಂಬೂರಿನ ಉಪ್ಪು ಗಾಳಿಗೆ ತಂತಿಯ ತುದಿಗಳು ಬೇಗ ಹಸಿರುಗಟ್ಟುತ್ತವೆ, ಆದ್ದರಿಂದ ಪ್ರತಿ ಜೋಡಣೆಗೂ ಗ್ರೀಸ್ ಹಚ್ಚುತ್ತೇವೆ.

2020ರ ಏಪ್ರಿಲ್ ನಂತರ ಬಂದ ಬಿಎಸ್ 6 (ಹೊಗೆಯ ಬಿಗಿ ಮಿತಿ ಪಾಲಿಸುವ) ಗಾಡಿಗಳಿಗೆ ಇದಾವುದನ್ನೂ ನಾನು ಮಾಡಿಸುವುದಿಲ್ಲ. ಅಲ್ಲಿ ಸೆನ್ಸರುಗಳು ಕಾವಲಿವೆ, ವಾರಂಟಿಯೂ ಇದೆ. ಅಸಲಿ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಆಯಿತು.

ಮಳೆಗಾಲದಲ್ಲಿ ಎಲ್ಲ ಗಾಡಿಗಳಿಗೂ ಒಂದೇ ನಿಯಮ. ರಾತ್ರಿ ನಿಲ್ಲಿಸುವಾಗ ಟ್ಯಾಂಕು ಆದಷ್ಟು ತುಂಬಿರಬೇಕು, ಖಾಲಿ ಜಾಗದ ತೇವ ಒಳಗೋಡೆಯಲ್ಲಿ ಹನಿಗಟ್ಟುತ್ತದೆ. ಮುಚ್ಚಳದ ರಬ್ಬರು ಬಿರುಕು ಬಿಟ್ಟಿದ್ದರೆ ಅಂದೇ ಬದಲಿಸಬೇಕು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಸೆಪರೇಟರಿನ, ಅಂದರೆ ನೀರು ಬೇರ್ಪಡಿಸುವ ಫಿಲ್ಟರಿನ, ತಳದ ಕಾಕ್ ತಿರುಗಿಸಿ ಗಾಜಿನ ಬಾಟಲಿಗೆ ಒಂದಿಷ್ಟು ಹಿಡಿಯಬೇಕು. ಬೆಳಕಿಗೆ ಹಿಡಿದರೆ ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯ ಬಳಿ ಕಂದು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ ಎಂದರ್ಥ, ಆಗ ಟ್ಯಾಂಕು ಇಳಿಸಿ ತೊಳೆಸುವುದೇ ದಾರಿ.

ಪಂಪಿನ ಮುಂದಿನ ಫಿಲ್ಟರು ಬದಲಿಸುವಾಗ ಹೊಸದರೊಳಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವ ಅಭ್ಯಾಸವನ್ನು ನಮ್ಮ ಚಾಲಕರಿಗೆಲ್ಲ ಬಿಡಿಸಿದ್ದೇನೆ. ಸೋಸದ ಆ ಡೀಸೆಲ್ ನೇರವಾಗಿ ಇಂಜೆಕ್ಟರಿಗೆ ಹೋಗುತ್ತದೆ. ಕೈ ನೋಯುವಷ್ಟು ಹೊತ್ತಾದರೂ ಹ್ಯಾಂಡ್ ಪ್ರೈಮರ್ (ಡೀಸೆಲ್ ಏರಿಸುವ ಕೈಪಂಪು) ಒತ್ತಿಯೇ ತುಂಬಿಸಬೇಕು.